ಇಗರ್ಜಿಯ ಸೂರು ಮತ್ತು ಗಾಳಿಯ ಲೆಕ್ಕ

ದೇವರ ಕೃಪೆಯಿಂದ ನೂರು ಮಳೆಗಾಲಗಳನ್ನು ಕಂಡ ನಮ್ಮ ಇಗರ್ಜಿಯ ಚರಿತ್ರೆಯನ್ನು ಬರೆಯುವಾಗ ಅಡಿಗಲ್ಲು, ಗಂಟೆ, ಬಲಿಪೀಠಗಳನ್ನು ಸ್ಮರಿಸುವುದು ವಾಡಿಕೆ. ಗೋಡೆಯಿಂದಾಚೆ ಚಾಚಿದ ಸೂರನ್ನು ನೆನೆಯುವವರು ವಿರಳ. ಆದರೆ ಮತ್ತಾಯನ ಶುಭಸಂದೇಶದ ಸಾಮತಿಯಲ್ಲಿ ಬಂಡೆಯ ಮೇಲಿನ ಮನೆಗೆ ಬಡಿದುದು ಮಳೆ ನೆರೆಗಳಷ್ಟೇ ಅಲ್ಲ, ಗಾಳಿಯೂ ಹೌದು.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರು ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಕರಾವಳಿಯ ದೇವಾಲಯಗಳು ಕ್ರಮೇಣ ಕೆಂಪು ಹಂಚನ್ನು ಹೊದ್ದವು. ಮುರಕಲ್ಲಿನ ಗೋಡೆ ನೆನೆಯದಂತೆ ಸೂರನ್ನು ಅಗಲವಾಗಿ ಇಳಿಬಿಡುವುದು ನಮ್ಮ ಹಿರಿಯರ ಅನುಭವದ ವಿವೇಕ. ಆದರೆ ಮಳೆಯನ್ನು ತಡೆಯುವ ಸೂರೇ ಗಾಳಿಗೆ ಹಿಡಿಕೆಯಾಗುತ್ತದೆ.

ಗಾಳಿಯ ಒತ್ತಡವನ್ನು ಲೆಕ್ಕಿಸಬೇಕೆಂಬ ಪಾಠವನ್ನು ಲೋಕವು ದುಃಖದಿಂದ ಕಲಿಯಿತು. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್‌ಲೆಂಡಿನ ಟೇ ನದಿಯ ರೈಲು ಸೇತುವೆ ಬಿರುಗಾಳಿಗೆ ಕುಸಿಯಿತು; ರೈಲಿನಲ್ಲಿದ್ದವರೆಲ್ಲರೂ ಮಡಿದರು. ಅದರ ವಿನ್ಯಾಸದಲ್ಲಿ ಗಾಳಿಯ ಒತ್ತಡಕ್ಕೆಂದು ವಿಶೇಷ ಅವಕಾಶವನ್ನೇ ಮಾಡಿರಲಿಲ್ಲವೆಂದು ತನಿಖೆಯಲ್ಲಿ ಹೊರಬಿದ್ದಿತು. 1890ರ ದಶಕದಲ್ಲಿ ಡೆನ್ಮಾರ್ಕಿನ ಇರ್ಮಿಂಗರ್ ಎಂಬ ಇಂಜಿನಿಯರರು ಪ್ರಯೋಗಗಳ ಮೂಲಕ, ಗಾಳಿಯು ಚಾವಣಿಯನ್ನು ತಳ್ಳುವುದಷ್ಟೇ ಅಲ್ಲ, ಹೀರುವುದೂ ಉಂಟೆಂದು ತೋರಿಸಿದರು.

ಈ ಮಾತಿನ ಅರ್ಥ ನಮಗಾದುದು ಎರಡು ವರ್ಷಗಳ ಹಿಂದಿನ ಮುಂಗಾರಿನಲ್ಲಿ. ನೈಋತ್ಯದ ಗಾಳಿ ದಕ್ಷಿಣದ ಗೋಡೆಗೆ ಬಡಿಯಿತು; ಸೂರಿನಡಿಯ ಹಲಗೆಗಳು ಉದುರಿದುದು ಮಾತ್ರ ಉತ್ತರದಲ್ಲಿ, ಧರ್ಮೋಪದೇಶಕ್ಕೆ ಬರುವ ಮಕ್ಕಳು ಸಾಲಾಗಿ ನಿಲ್ಲುವ ಸ್ಥಳದಲ್ಲಿಯೇ. ಅಂದು ಶನಿವಾರ, ದೇವರು ಕಾಪಾಡಿದರು. ದಕ್ಷಿಣದ ಸೂರನ್ನು ಭದ್ರಪಡಿಸಿದರೆ ಸಾಕೆಂದು ಹಲವರು ಹೇಳಿದರು, ನಾನೂ ಒಪ್ಪಿದ್ದೆ.

ಭಾರತೀಯ ಮಾನಕ 875ರ ಮೂರನೆಯ ಭಾಗ ನಮ್ಮ ತಪ್ಪನ್ನು ತಿದ್ದಿತು. 1987ರಲ್ಲಿ ಪ್ರಕಟವಾಗಿ 2015ರಲ್ಲಿ ಪರಿಷ್ಕೃತವಾದ ಈ ಗ್ರಂಥದಂತೆ ಮಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಸುಮಾರು 913 ನ್ಯೂಟನ್, ಅಂದರೆ 93 ಕಿಲೋ ಭಾರದಷ್ಟು ಒತ್ತಡ. ನೆಲದ ಸ್ವರೂಪ, ಕಟ್ಟಡದ ಎತ್ತರಗಳಿಗೆ ತಕ್ಕಂತೆ ಇದು ಬದಲಾಗುತ್ತದೆ. ಗಾಳಿಗೆ ಎದುರಾದ, ಕೆಳಗೆ ಇಳಿದಿರುವ ಸೂರಿನ ಅಡಿಭಾಗಕ್ಕೆ ಗುಣಕ 1.25, ಮಟ್ಟಸವಾದುದಕ್ಕೆ 1.0, ಮೇಲಕ್ಕೆ ಬಾಗಿದುದಕ್ಕೆ 0.75. ಹೀಗೆ ನಮ್ಮ ಸೂರನ್ನು ಕೆಳಗಿನಿಂದ ಎತ್ತುವ ಬಲ ಸುಮಾರು 116 ಕಿಲೋ. ಹಂಚಿನ ಭಾರ ಅದರ ಅರ್ಧಕ್ಕೂ ಕಡಿಮೆ. ಆದುದರಿಂದ ಪಕಾಸಿಯನ್ನು ಗೋಡೆಗೆ ಬಿಗಿಯುವುದು ಅಗತ್ಯ.

ಉಳಿದ ದಿಕ್ಕುಗಳ ಸೂರಿಗೆ ಪಕ್ಕದ ಗೋಡೆಯ ಗುಣಕವೇ ಅನ್ವಯಿಸುತ್ತದೆ. ಅಲ್ಲಿರುವುದು ಹೀರುವ ಬಲ. ದಕ್ಷಿಣದ ಹಲಗೆಗಳನ್ನು ಗಾಳಿ ಪಕಾಸಿಗೆ ಒತ್ತಿ ಹಿಡಿಯಿತು. ಉತ್ತರದ ಹಲಗೆಗಳನ್ನು ಕೆಳಕ್ಕೆ ಸೆಳೆಯಿತು. ತುಕ್ಕು ಹಿಡಿದ ಮೊಳೆಗಳು ಸಡಿಲಿ ಬಿಟ್ಟುಕೊಟ್ಟವು. ಮೂಲೆಗಳಲ್ಲಿ ಈ ಸೆಳೆತ ಇನ್ನೂ ಅಧಿಕ.

ಅದರಂತೆ ಈಗ ನಾಲ್ಕೂ ಸುತ್ತಿನ ಹಲಗೆಗಳಿಗೆ ಮೊಳೆಯ ಬದಲು ತಿರುಪು ಹಾಕಿಸಿದ್ದೇವೆ. ಶತಮಾನೋತ್ಸವದ ಕಾಣಿಕೆಯ ಒಂದು ಪಾಲು ಕಣ್ಣಿಗೆ ಕಾಣದ ಈ ಕೆಲಸಕ್ಕೆ ಸಂದಿದೆ. ಪ್ರಿಯ ಬಂಧುಗಳೇ, ಗಾಳಿ ಎದುರಿಗೆ ಬಡಿಯುವಾಗ ನಾವು ಎಚ್ಚರವಾಗಿರುತ್ತೇವೆ. ಮರೆಯಲ್ಲಿ ಸೆಳೆಯುವಾಗಲೂ ಎಚ್ಚರವಿರಲಿ. ಮುಂದಿನ ನೂರು ವರ್ಷ ಈ ಸೂರಿನಡಿ ನಿಲ್ಲುವ ಮಕ್ಕಳನ್ನು ಪ್ರಭು ಹರಸಲಿ.