ಕಸದ ಒಡೆತನ: ಪುಣೆಯ ಶ್ರಮಿಕ ಪಂಚಾಯತಿಯಿಂದ ಸಹಕಾರ ಸಂಘದವರೆಗೆ

ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ಬರುವ ‘ತೆಲ್ಲಿಗರಯ್ವತ್ತೊಕ್ಕಲು’ ಎಂಬ ಮಾತು ಎಣ್ಣೆ ತೆಗೆಯುವವರ ಸಂಘವನ್ನು ಸೂಚಿಸುತ್ತದೆ. ದೇವಾಲಯದ ದೀಪಕ್ಕೆ ಎಣ್ಣೆಯ ದತ್ತಿ ಬಿಡುವಂಥ ತೀರ್ಮಾನಗಳನ್ನು ಆ ಕೂಟವೇ ಕೈಗೊಳ್ಳುತ್ತಿತ್ತು. ಅದರ ಬಲಕ್ಕೆ ಗಾಣವೇ ಆಧಾರ. ಸಾಧನವಾಗಲಿ ಸರಕಾಗಲಿ ತಮ್ಮದಲ್ಲದ, ಬರಿಯ ಮೈದುಡಿಮೆಯ ಜನ ಇಂಥ ಕೂಟವನ್ನು ಕಟ್ಟಿಕೊಂಡರೆ ಅದರ ಆಡಳಿತ ಹೇಗಿದ್ದೀತು? ಪುಣೆಯ ಇತ್ತೀಚಿನ ಚರಿತ್ರೆ ಈ ಪ್ರಶ್ನೆಗೆ ಒಂದು ಉತ್ತರವನ್ನು ಒದಗಿಸುತ್ತದೆ.

ಸಮಾಜವಾದಿ ಧುರೀಣ ಬಾಬಾ ಆಢಾವರು 1956ರಲ್ಲಿ ಇಲ್ಲಿನ ಹಮಾಲರನ್ನು ಸಂಘಟಿಸಿ ‘ಹಮಾಲ್ ಪಂಚಾಯತ್’ ಸ್ಥಾಪಿಸಿದರು. ಗೊತ್ತಾದ ಯಜಮಾನನಿಲ್ಲದ ಕೂಲಿಕಾರರ ಹಕ್ಕಿಗೆ ಕಾನೂನಿನ ರೂಪ ದೊರೆತದ್ದು 1969ರ ಮಹಾರಾಷ್ಟ್ರ ಮಾಥಾಡಿ ಕಾಯಿದೆಯಿಂದ. ಇದೇ ಪರಂಪರೆಯಲ್ಲಿ, ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ಕಾರ್ಯಕರ್ತೆಯರ ಪ್ರಯತ್ನವೂ ಸೇರಿ, 1993ರಲ್ಲಿ ಚಿಂದಿ ಆಯುವವರ ‘ಕಾಗದ್ ಕಾಚ್ ಪತ್ರಾ ಕಷ್ಟಕರೀ ಪಂಚಾಯತ್’ ಹುಟ್ಟಿತು. ಕನ್ನಡಿಗರು ಇಲ್ಲಿಯ ‘ಪತ್ರಾ’ ಶಬ್ದವನ್ನು ಓಲೆ ಎಂದು ತಿಳಿಯಬಾರದು. ಮರಾಠಿಯಲ್ಲಿ ಅದು ತಗಡು. ಸದಸ್ಯರಲ್ಲಿ ಬಹುಪಾಲು ದಲಿತ ಮಹಿಳೆಯರು. ಅವರ ಗುರುತಿನ ಚೀಟಿಗೆ ನಗರಪಾಲಿಕೆ 1995-96ರಲ್ಲಿ ಮನ್ನಣೆ ನೀಡಿತು. ಕಳ್ಳರೆಂದು ಸಂಶಯಕ್ಕೆ ಗುರಿಯಾಗುತ್ತಿದ್ದವರಿಗೆ ಈ ಚೀಟಿಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಹಕ್ಕೊತ್ತಾಯದ ಒಕ್ಕೂಟ ಬೇರೆ, ವ್ಯವಹಾರ ನಡೆಸುವ ಸಂಸ್ಥೆ ಬೇರೆ. ಮನೆಮನೆಯಿಂದ ಕಸ ಸಂಗ್ರಹಿಸುವ ಕೆಲಸವನ್ನು ವಹಿಸಿಕೊಳ್ಳಲು ಪಂಚಾಯತ್ ‘ಸ್ವಚ್ಛ’ ಎಂಬ ಸಹಕಾರ ಸಂಘವನ್ನು ರೂಪಿಸಿತು. 2008ರಲ್ಲಿ ಪಾಲಿಕೆಯೊಡನೆ ಐದು ವರ್ಷಗಳ ಒಪ್ಪಂದವಾಯಿತು. ಸಂಘದ ಹೆಸರಿನ ಕೊನೆಗೆ ‘ಮರ್ಯಾದಿತ್’ ಎಂದಿದೆ. ನಮ್ಮಲ್ಲಿ ‘ನಿಯಮಿತ’ ಎನ್ನುವುದಕ್ಕೆ ಅದು ಮರಾಠಿಯ ಪಾರಿಭಾಷಿಕ ಪದ. ಕನ್ನಡದ ಕಿವಿಗೆ ಮಾತ್ರ ಅದರಲ್ಲಿ ‘ಮರ್ಯಾದೆ’ಯೂ ಕೇಳಿಸದಿರದು.

ಆಡಳಿತದ ದೃಷ್ಟಿಯಿಂದ ಈ ಸಂಘದ ರಚನೆ ವಿಲಕ್ಷಣವಾದುದು. ಕಸ ಎತ್ತುವವರು ಇಲ್ಲಿ ನೌಕರರಲ್ಲ, ಸದಸ್ಯರು. ಪಾಲಿಕೆ ಅವರಿಗೆ ಸಂಬಳ ಕೊಡುವುದಿಲ್ಲ. ಮನೆಗಳವರು ಕೊಡುವ ತಿಂಗಳ ಶುಲ್ಕ, ವಿಂಗಡಿಸಿದ ರದ್ದಿಯ ಮಾರಾಟ, ಇವೆರಡು ಮುಖ್ಯ ಆದಾಯ. ಸಂಬಳ ಪಡೆಯುವವರು ಮೇಲ್ವಿಚಾರಣೆ ನಡೆಸುವ ಸಂಯೋಜಕರು. ಎಂದರೆ ನಿಗಾ ವಹಿಸುವವರು ನೌಕರರು, ಆ ನಿಗಾಕ್ಕೆ ಒಳಪಟ್ಟವರು ಒಡೆಯರು! ಒಂದು ಬೀದಿಯಿಂದ ದೂರು ಬಂದರೆ ಸಂಯೋಜಕರು ತಮ್ಮ ಸಂಸ್ಥೆಯ ಒಡತಿಗೇ ತಿಳಿಹೇಳಬೇಕು. ಗದರಿಸಿ ಕೆಲಸ ತೆಗೆಯುವ ಹಳೆಯ ಮುಕ್ಕಾದಮನ ರೀತಿ ಇಲ್ಲಿ ಸಲ್ಲದು. ಹಾಗೆಂದು ದೂರನ್ನು ಕಡೆಗಣಿಸಿದರೆ ಮನೆಯವರು ಶುಲ್ಕ ನಿಲ್ಲಿಸುತ್ತಾರೆ. ಕಾರ್ಯಸ್ಥಳದ ಪ್ರಜಾಪ್ರಭುತ್ವ ಪರೀಕ್ಷೆಗೆ ಒಳಗಾಗುವುದು ಚುನಾವಣೆಯ ದಿನಕ್ಕಿಂತ ಹೆಚ್ಚಾಗಿ ಇಂಥ ಬೆಳಗುಗಳಲ್ಲಿ ಎಂದು ನನ್ನ ಅಭಿಪ್ರಾಯ.

ಹೋಲಿಕೆಗೆ ನಮ್ಮ ಕರಾವಳಿಗೆ ತಾಗಿದ ಒಂದು ಪ್ರಸಂಗವನ್ನು ನೋಡಬಹುದು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಸರ್ಕಾರ ಜಾರಿಗೆ ತಂದಾಗ, ಮಂಗಳೂರಿನ ಬೀಡಿ ಉದ್ಯಮಿಗಳು 1968ರಲ್ಲಿ ಕಣ್ಣೂರಿನ ಕೆಲಸವನ್ನು ನಿಲ್ಲಿಸಿದರು. ಸುಮಾರು 12,000 ಮಂದಿ ನಿರುದ್ಯೋಗಿಗಳಾದರು. ಅದರ ಫಲವಾಗಿ 1969ರಲ್ಲಿ ಕಾರ್ಮಿಕರದೇ ಆದ ದಿನೇಶ್ ಬೀಡಿ ಸಹಕಾರ ಸಂಘ ತಲೆಯೆತ್ತಿತು. ಅಲ್ಲಿ ಒಡೆಯ ಹೋದರೂ ಹೊಗೆಸೊಪ್ಪು ಮಾರುಕಟ್ಟೆಯಲ್ಲಿ ದೊರೆಯುತ್ತಿತ್ತು. ಸರ್ಕಾರದ ಒತ್ತಾಸೆಯಿಂದ ಅದನ್ನು ಕೊಳ್ಳುವುದು ಸಾಧ್ಯವಾಯಿತು. ಪುಣೆಯ ಹೆಂಗಸರಿಗೆ ಕಚ್ಚಾಮಾಲೇ ಮನೆಬಾಗಿಲ ಕಸ. ಅದನ್ನು ಮುಟ್ಟುವ ಹಕ್ಕು ಪಾಲಿಕೆಯ ಒಪ್ಪಂದದಿಂದ ಬರತಕ್ಕದ್ದು.

ಒಪ್ಪಂದದ ನವೀಕರಣ ಸುಗಮವಾಗಿ ನಡೆದುದಿಲ್ಲ. 2020-21ರಲ್ಲಿ ಅಲ್ಪಾವಧಿಯ ವಿಸ್ತರಣೆಗಳಲ್ಲಿಯೇ ದಿನ ದೂಡಬೇಕಾಯಿತು; ಖಾಸಗಿ ಗುತ್ತಿಗೆಯ ಮಾತೂ ಎದ್ದಿತ್ತು. ತನ್ನ ಆಡಳಿತ ಮಂಡಳಿಯನ್ನು ತಾನೇ ಆರಿಸಬಲ್ಲ ಸದಸ್ಯೆಗೆ, ಮುಂದಿನ ತಿಂಗಳು ಅದೇ ಬೀದಿಯ ಕಸ ತನಗೆ ದೊರೆಯುವುದೇ ಎಂಬುದು ತಿಳಿದಿರಲಿಲ್ಲ. ಸಂಘ ಹುಟ್ಟಿದ ಮೇಲೂ 1993ರ ಪಂಚಾಯತ್ ವಿಸರ್ಜನೆಗೊಳ್ಳದೆ ಪ್ರತ್ಯೇಕ ಒಕ್ಕೂಟವಾಗಿಯೇ ಉಳಿದು ಬಂದುದರ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.