ಜಮಖಾನ ಗಲ್ಲಿಯ ಅತ್ತೆ–ಸೊಸೆಯರು

ದಿನಕ್ಕೆ ಐದು ಸಲ ನಾವು ಹಣೆಯಿಡುವ ಜಾನಮಾಝನ್ನು ಯಾರು ನೇಯ್ದರೆಂದು ಕೇಳುವುದು ಕಡಿಮೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರ: ಮನೆಯ ಹೆಂಗಸರು. ಅಲ್ಲಿನ ಜಮಖಾನ ಗಲ್ಲಿಯ ಮುಸ್ಲಿಂ ಮನೆಗಳಲ್ಲಿ ನೆಲಕ್ಕೆ ಹಾಸುವ ಜಮಖಾನ, ನಮಾಝಿನ ಜಾನಮಾಝ್, ದನದ ಬೆನ್ನಿಗೆ ಹೊದಿಸುವ ಗುಡ್ಡಾರ್ ಎಲ್ಲವೂ ಅವರ ಕೈಯಲ್ಲೇ ಆಗುತ್ತಾ ಬಂದಿವೆ.

ಹಿರಿಯರು ಹೇಳಿಕೊಂಡು ಬಂದ ಪ್ರಕಾರ ಈ ಮನೆತನಗಳ ಮೂಲ ಬಿಜಾಪುರ. ವಿಜಯನಗರಕ್ಕೂ ಆದಿಲ್ ಶಾಹಿಗೂ ಯುದ್ಧ ನಡೆಯುತ್ತಿದ್ದ ಅಲಿ ಆದಿಲ್ ಶಾಹನ ಕಾಲದಲ್ಲಿ, ನೆಮ್ಮದಿಯಿಂದ ಕಸುಬು ನಡೆಸಲು ಜಾಗ ಹುಡುಕುತ್ತಾ ಬಂದ ನೇಕಾರರು ಮೊದಲು ನವಲಗುಂದದ ಗುಡ್ಡದ ಮೇಲೆ ಮಗ್ಗ ಹೂಡಿದರಂತೆ. ಆಮೇಲೆ ಕೆಳಗಿನ ಊರಿಗೆ ಇಳಿದರು. 1565ರ ರಕ್ಕಸಗಿ–ತಂಗಡಗಿ ಕದನದ ಬಗ್ಗೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಕಾಲದಲ್ಲಿ ಮಗುವನ್ನು ಕಂಕುಳಲ್ಲಿಟ್ಟು ಊರು ಬಿಟ್ಟ ಹೆಂಗಸರ ಮಾತು ಅವರ ಪಾಠದಲ್ಲಿಲ್ಲ.

ಮಗ್ಗ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಎದುರಿಗೆ ಇಬ್ಬರು ಹೆಂಗಸರು ಅಕ್ಕಪಕ್ಕ ಕೂರುತ್ತಾರೆ. ಪಗಡೆ ಹಾಸು, ನವಿಲು, ಹಕ್ಕಿಗಳ ಚಿತ್ತಾರವೆಲ್ಲ ಅವರ ನೆನಪಿನಲ್ಲೇ ಇದೆ. ಎಳೆ ಎಣಿಸುತ್ತಾ ಬಣ್ಣದ ನೂಲು ಹಾಯಿಸಿ, ಹಲ್ಲಿನ ಹಣಿಗೆಯಿಂದ ಬಡಿದು ಕೂರಿಸಬೇಕು. ಒಬ್ಬಳು ಎಣಿಕೆ ತಪ್ಪಿದರೆ ಇನ್ನೊಬ್ಬಳ ನವಿಲೂ ಕೆಡುತ್ತದೆ! ನವಲಗುಂದದ್ದು ಎರೆಭೂಮಿ, ಮಳೆ ತಪ್ಪಿದ ವರ್ಷ ಹೊಲದ ಕೂಲಿಯೂ ತಪ್ಪುತ್ತದೆ. ಮಗ್ಗಕ್ಕೆ ಮಳೆ ಬೇಕಿಲ್ಲ. ಮನೆಯೊಳಗೇ ಕೂತು, ಯಾರ ಮುಂದೆಯೂ ಕೈಚಾಚದೆ ದುಡಿದು ತಿನ್ನಬಹುದು. ಈ ಗೌರವ ಸಣ್ಣದಲ್ಲ.

ಪ್ರವಾದಿವರ್ಯರ(ಸ) ಪತ್ನಿ ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ತಮ್ಮ ಕೈಯಾರೆ ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ಬಡವರಿಗೆ ದಾನ ಮಾಡುತ್ತಿದ್ದರು. ಹೆಣ್ಣಿನ ಕೈದುಡಿಮೆಯನ್ನು ಕೀಳಾಗಿ ಕಾಣುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಈ ಮಾತನ್ನು ಕೇಳಿಸಿಕೊಂಡರೆ ಒಳ್ಳೆಯದು.

ಇಷ್ಟು ಹೆಮ್ಮೆಯಿಂದ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಈ ಗಲ್ಲಿಯಲ್ಲಿ ಕಸುಬನ್ನು ಹೆತ್ತ ಮಗಳಿಗೆ ಕಲಿಸುತ್ತಿರಲಿಲ್ಲ. ಮದುವೆಯಾಗಿ ಹೋದವಳೊಂದಿಗೆ ಗುಟ್ಟೂ ಹೋದೀತೆಂಬ ಭಯ. ಕಲಿಸುತ್ತಿದ್ದದ್ದು ಸೊಸೆಗೆ. ಇದರಲ್ಲಿ ಒಂದು ಚೆಲುವೂ ಇದೆ: ಬೇರೆ ಮನೆಯಿಂದ ಬಂದ ಹುಡುಗಿಗೆ ಅತ್ತೆ ಕೊಡುತ್ತಿದ್ದದ್ದು ಬೀಗದ ಕೈಗೊಂಚಲಿಗಿಂತ ದೊಡ್ಡ ಆಸ್ತಿ. ಒಂದೇ ಮಗ್ಗದ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತವರ ನಡುವೆ ಜಗಳ ಎಷ್ಟು ದಿನ ನಿಂತೀತು? ಆದರೆ ಗಂಡನನ್ನು ಕಳೆದುಕೊಂಡೋ, ತಲಾಖ್ ಆಗಿಯೋ ತವರಿಗೆ ಮರಳಿದ ಮಗಳ ಗತಿ ಏನು? ತಾಯಿ ನೇಯುತ್ತಿದ್ದ ಮನೆಯಲ್ಲೇ ಹುಟ್ಟಿ ಬೆಳೆದವಳು ಬರಿಗೈಯಲ್ಲಿ ಕೂರಬೇಕಾಗುತ್ತಿತ್ತು. ಗುಟ್ಟು ಉಳಿಸುವ ಈ ಕಟ್ಟಳೆ ಕಸುಬನ್ನು ಕಾದದ್ದಕ್ಕಿಂತ ಹೆಚ್ಚು ಸೊರಗಿಸಿತೆಂದು ನಮಗನ್ನಿಸುತ್ತದೆ.

ಭೌಗೋಳಿಕ ಸೂಚಕದ 1999ರ ಕಾಯ್ದೆಯಡಿ 2011ರಲ್ಲಿ ನವಲಗುಂದದ ಜಮಖಾನಕ್ಕೆ ಮಾನ್ಯತೆ ಸಿಕ್ಕಿತು. ಬೇರೆ ಊರಿನವರು ಈ ಹೆಸರಿಟ್ಟು ಮಾರುವಂತಿಲ್ಲ. ಕಾಯ್ದೆ ಕಾಪಾಡುವುದು ಹೆಸರನ್ನು, ಕೂಲಿಯನ್ನಲ್ಲ. ಪೇಟೆಯಲ್ಲಿ ಯಂತ್ರದ ಹಾಸು ಅಗ್ಗಕ್ಕೆ ಸಿಗುವಾಗ, ದಿನಗಟ್ಟಲೆ ಎಳೆ ಎಣಿಸಿದವಳಿಗೆ ಸಿಗುವ ಪಾಲು ತೀರಾ ಕಡಿಮೆ. ಗಲ್ಲಿಯ ಮಗ್ಗಗಳು ಬೆರಳೆಣಿಕೆಗೆ ಇಳಿದಿವೆ. ಈಗ ಕಲಿಯುತ್ತೇನೆಂದು ಮಗಳೇ ಬಂದು ಕೇಳಿದರೆ ಬೇಡವೆನ್ನುವ ತಾಯಿ ಬಹುಶಃ ಇರಲಾರಳು. ಮಗ್ಗದ ಮುಂದೆ ಎರಡನೆಯವಳ ಜಾಗ ಖಾಲಿಯಿದೆ.