ತುತ್ತು ರಕ್ತವಾಗುವ ದಾರಿ: ನಮ್ಮ ಪೂರ್ವಸೂರಿಗಳು ಕಂಡದ್ದು, ಕಾಣದೆ ಉಳಿದದ್ದು

ನಾವು ನುಂಗಿದ ತುತ್ತು ನಮ್ಮ ದೇಹದ ಬಲವಾಗಿ ಮಾರ್ಪಡುವುದು ಹೇಗೆ? ಮಾನವನು ಈ ಪ್ರಶ್ನೆಗೆ ಶತಮಾನಗಳ ಕಾಲ ಉತ್ತರ ಹುಡುಕಿದ್ದಾನೆ. ಆ ಹುಡುಕಾಟದ ಒಂದು ದೀರ್ಘ ಅಧ್ಯಾಯವು ಅರಬಿ ಭಾಷೆಯಲ್ಲಿ ರಚಿತವಾಗಿದೆ.

ಗ್ರೀಕ್ ವೈದ್ಯ ಗ್ಯಾಲೆನ್‌ನ (ಜಾಲೀನೂಸ್) ವಿಚಾರಗಳನ್ನು ಮುಸ್ಲಿಮ್ ವೈದ್ಯರು ಆಳವಾಗಿ ಅಭ್ಯಸಿಸಿದರು. ಇಬ್ನು ಸೀನಾ (980–1037) ತಮ್ಮ ‘ಅಲ್ ಕಾನೂನ್ ಫಿತ್ತಿಬ್ಬ್’ ಎಂಬ ಮಹಾಗ್ರಂಥದಲ್ಲಿ ಅವುಗಳನ್ನು ಕ್ರಮಬದ್ಧಗೊಳಿಸಿದರು. ಈ ಪರಂಪರೆಯ ಪ್ರಕಾರ ಪಚನಕ್ಕೆ, ಅಂದರೆ ‘ಹಜ್ಮ್’ಗೆ, ನಾಲ್ಕು ಹಂತಗಳಿವೆ: ಜಠರ, ಯಕೃತ್ತು, ರಕ್ತನಾಳಗಳು ಮತ್ತು ಅಂಗಾಂಗಗಳು. ಆಹಾರವು ಜಠರದಲ್ಲಿ ಬೆಂದು ಗಂಜಿಯಂತಹ ‘ಕೈಲೂಸ್’ ಆಗುತ್ತದೆ. ಕರುಳಿನ ಸೂಕ್ಷ್ಮ ನಾಳಗಳ ಮೂಲಕ ಯಕೃತ್ತನ್ನು ಸೇರಿ ಅಲ್ಲಿ ರಕ್ತವಾಗುತ್ತದೆ ಎಂದು ಅವರು ತಿಳಿದಿದ್ದರು. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡ ಈ ಗ್ರಂಥವನ್ನು ಯುರೋಪಿನ ವಿಶ್ವವಿದ್ಯಾಲಯಗಳು ಶತಮಾನಗಳ ಕಾಲ ಬೋಧಿಸಿದವು. ಯುನಾನಿ ಹಕೀಮರು ಇಂದಿಗೂ ಆ ನಾಲ್ಕು ಹಂತಗಳನ್ನು ಹೆಸರಿಸುತ್ತಾರೆ.

ಹೊಸ ತಿರುವು ಬಂದದ್ದು 1622ರಲ್ಲಿ. ಇಟಲಿಯ ಗ್ಯಾಸ್ಪರೆ ಅಸೆಲ್ಲಿಯು ಆಗತಾನೆ ಆಹಾರ ತಿಂದಿದ್ದ ನಾಯಿಯೊಂದರ ಉದರವನ್ನು ಸೀಳಿದಾಗ ಕರುಳಿನ ಸುತ್ತ ಬಿಳಿಯ ಎಳೆಗಳು ಕಂಡವು. ಅವುಗಳನ್ನು ಕತ್ತರಿಸಿದಾಗ ಹಾಲಿನಂತಹ ದ್ರವ ಹರಿಯಿತು. ಅದು ಯಕೃತ್ತಿಗೇ ಹೋಗುತ್ತದೆಂದು ಆತನೂ ಭಾವಿಸಿದ್ದನು. ಆದರೆ ಆ ದ್ರವವು ಯಕೃತ್ತಿನ ಹಂಗಿಲ್ಲದೆ, ಎದೆಯೊಳಗಿನ ನಾಳವೊಂದರ ಮೂಲಕ ಕತ್ತಿನ ಬಳಿಯ ರಕ್ತನಾಳವನ್ನು ಸೇರುತ್ತದೆಂದು ಫ್ರಾನ್ಸಿನ ಜಾನ್ ಪೆಕೆ 1651ರಲ್ಲಿ ಪ್ರಕಟಿಸಿದನು.

ಇಂದು ನಮಗೆ ತಿಳಿದಿರುವುದೇನು? ಹೀರಿಕೆಯ ಬಹುಪಾಲು ನಡೆಯುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಅದರ ಒಳಗೋಡೆಯಲ್ಲಿ ಬೆರಳಿನಾಕಾರದ ಅಸಂಖ್ಯ ಸೂಕ್ಷ್ಮ ಚಾಚುಗಳಿವೆ. ಅನ್ನ, ರೊಟ್ಟಿಗಳಿಂದ ದೊರೆತ ಸಕ್ಕರೆ ಮತ್ತು ಬೇಳೆ, ಮಾಂಸಗಳಿಂದ ದೊರೆತ ಅಮೈನೋ ಆಮ್ಲಗಳು ಅಲ್ಲಿಂದ ನೇರವಾಗಿ ಯಕೃತ್ತಿಗೆ ಸಾಗುತ್ತವೆ. ಈ ದಾರಿಯನ್ನು ಇಬ್ನು ಸೀನಾ ಸರಿಯಾಗಿಯೇ ಗುರುತಿಸಿದ್ದರು. ಕೊಬ್ಬಿನ ಬಹುಪಾಲು ಮಾತ್ರ ಆ ಬಿಳಿಯ ನಾಳಗಳಲ್ಲಿ ಬೇರೆ ದಾರಿ ಹಿಡಿಯುತ್ತದೆ. ವಯಸ್ಕರಲ್ಲಿ ರಕ್ತಕಣಗಳು ಹುಟ್ಟುವುದು ಯಕೃತ್ತಿನಲ್ಲಲ್ಲ, ಮೂಳೆಯ ಮಜ್ಜೆಯಲ್ಲಿ.

ಪೂರ್ವಿಕರು ಎಲ್ಲವನ್ನೂ ಅರಿತಿದ್ದರೆಂಬ ಹೆಮ್ಮೆಯೂ ಅವರು ಏನನ್ನೂ ಅರಿಯದವರೆಂಬ ಅಸಡ್ಡೆಯೂ ಅವರಿಗೆ ಮಾಡುವ ಅನ್ಯಾಯವೇ ಸರಿ. ಇಬ್ನು ಸೀನಾರಿಗಿಂತ ಮೊದಲೇ ಬದುಕಿದ್ದ ಅರ್‍ರಾಝಿಯವರು ಗ್ಯಾಲೆನ್‌ನಿಂದ ಕಲಿತರು. ಅವನ ವಿಚಾರಗಳ ಮೇಲಿನ ಸಂದೇಹಗಳನ್ನೇ ಒಂದು ಗ್ರಂಥವಾಗಿಯೂ ಬರೆದರು. ಗುರುವನ್ನು ಗೌರವಿಸುತ್ತಲೇ ಸತ್ಯವನ್ನು ಪರಿಶೀಲಿಸುವ ಈ ಗುಣವೇ ಅವರು ನಮಗೆ ಬಿಟ್ಟುಹೋದ ಆಸ್ತಿ. ನಮ್ಮ ಮಕ್ಕಳಿಗೆ ಇಬ್ನು ಸೀನಾರ ಹೆಸರನ್ನು ಹೇಳಿಕೊಡುವಾಗ ಈ ಗುಣವನ್ನೂ ಕಲಿಸೋಣ.